ಸ್ಪ್ಯಾನಿಷ್ ಭೂತಕಾಲ: ಕೋಷ್ಟಕವೋ, ಕಾರ್ಡೋ, ನಿನ್ನೆಯ ಕತೆಯೋ?

ಮಾಡಿ ಮುಗಿಸಿದ ಕೆಲಸವನ್ನು ಹೇಳುವ ಭೂತಕಾಲಕ್ಕೆ ಸ್ಪ್ಯಾನಿಷ್‌ನಲ್ಲಿ ಪ್ರೆತೇರಿತೊ ಅಂತ ಹೆಸರು. ನಿಯಮ ತಪ್ಪದ ಕ್ರಿಯಾಪದಗಳ ಈ ರೂಪಗಳನ್ನು ಮೂರು ದಾರಿಯಲ್ಲಿ ಕಲಿತು ನೋಡಿದ್ದೇನೆ.

ಮೊದಲನೆಯದು ಕೋಷ್ಟಕ. ಮಾತಾಡು ಅನ್ನೋ ಆಬ್ಲಾರ್ ಹಿಡಿದು ಆಬ್ಲೇ, ಆಬ್ಲಾಸ್ತೆ, ಆಬ್ಲೋ, ಆಬ್ಲಾಮೋಸ್ ಅಂತ ಎರಡು ವಾರ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಕ್ರಿಯಾಪದದ ಕೊನೆ ನೋಡಿ ‘ಆರ್’, ‘ಏರ್’, ‘ಈರ್’ ಅಂತ ಮೂರು ಗುಂಪು, ಆರಾರು ರೂಪ, ಒಟ್ಟು 18 ಅಂತ ಹೆದರಿದ್ದೆ. ಬರೆದು ನೋಡಿದರೆ ‘ಏರ್’ ಮತ್ತು ‘ಈರ್’ ಗುಂಪುಗಳ ಪ್ರತ್ಯಯ ಒಂದೇ, ಹಾಗಾಗಿ 12 ಸಾಕು. ಲ್ಯಾಟಿನ್ ಅಮೆರಿಕದಲ್ಲಿ ‘ಬೊಸೋತ್ರೋಸ್’, ಅಂದರೆ ಸಲಿಗೆಯ ‘ನೀವೆಲ್ಲ’, ಬಳಸದ ಕಾರಣ ಅಲ್ಲಿಗೆ 10 ಸಾಕು. ಆದರೆ ಮಾತಿನ ನಡುವೆ ‘ತಿಂದರು’ ಬೇಕಾದಾಗ ‘ತಿಂದೆ’ ಅನ್ನೋ ಕೊಮೀಯಿಂದ ಶುರುಮಾಡಿ ಕೊಮ್ಯೇರೊನ್ ತನಕ ಮನಸ್ಸಿನಲ್ಲೇ ಓಡಬೇಕಿತ್ತು.

ಕಾರ್ಡುಗಳಿಂದ ಆ ಓಟ ತಪ್ಪಿತು. ಒಂದು ಬದಿಗೆ ‘ಬರೆದಳು’, ಇನ್ನೊಂದಕ್ಕೆ ‘ಎಸ್ಕ್ರಿಬ್ಯೋ’. ಉತ್ತರ ಬೇಗ ಬಂತು, ನಿಜ. ಆದರೆ ಆಬ್ಲಾಮೋಸ್ ಅಂದರೆ ‘ಮಾತಾಡುತ್ತೇವೆ’ಯೂ ಹೌದು, ‘ಮಾತಾಡಿದೆವು’ ಕೂಡ ಹೌದು. ಪಕ್ಕದಲ್ಲಿ ‘ಅಯೇರ್’, ಅಂದರೆ ನಿನ್ನೆ, ಇದ್ದರೇ ಗೊತ್ತಾಗೋದು. ಒಂಟಿ ಪದದ ಕಾರ್ಡಿನಲ್ಲಿ ಅದಕ್ಕೆ ಜಾಗ ಎಲ್ಲಿ?

ಮೂರನೆಯದು ನನಗೆ ಒಗ್ಗಿದ್ದು: ರಾತ್ರಿ ಮಲಗೋ ಮುಂಚೆ ನಿನ್ನೆಯ ಕತೆಯನ್ನು ಐದು ವಾಕ್ಯದಲ್ಲಿ ಗಟ್ಟಿಯಾಗಿ ಹೇಳೋದು. ಮೊದಲ ವಾರ ಬರೀ ‘ನಾನು’ ರೂಪಗಳೇ ಬಂದವು. ಆಮೇಲೆ ಒಂದು ದಿನ ನನ್ನ ಕತೆ, ಒಂದು ದಿನ ಅಮ್ಮನದು, ಒಂದು ದಿನ ಪಕ್ಕದ ಮನೆಯವರದು ಅಂತ ಹಂಚಿಕೊಂಡೆ. ‘ಅಯೇರ್ ಮಿ ಮಾದ್ರೆ ಕೊಂಪ್ರೋ ತೊಮಾತೆಸ್’, ನಿನ್ನೆ ಅಮ್ಮ ಟೊಮೆಟೊ ಕೊಂಡಳು. ‘ನಾನು’, ‘ಅವಳು’ ಬಿಟ್ಟು ಬರೀ ಕ್ರಿಯಾಪದ ಹೇಳಿದರೂ ಸ್ಪ್ಯಾನಿಷ್‌ನಲ್ಲಿ ನಡೆಯುತ್ತದೆ, ಕನ್ನಡದವರಿಗೆ ಇದು ಸಲೀಸು. ನಾವೂ ‘ಬಂದೆ’ ಅಂದು ‘ನಾನು’ ಬಿಡುತ್ತೇವಲ್ಲ! ಕೊಂಡ, ಕೊಂಡಳು ಅನ್ನೋ ವ್ಯತ್ಯಾಸ ಅಲ್ಲಿಲ್ಲ, ಎರಡಕ್ಕೂ ಕೊಂಪ್ರೋ.

ಗಟ್ಟಿಯಾಗಿ ಹೇಳಿದ್ದರ ದೊಡ್ಡ ಲಾಭ ಒತ್ತು. ಒಮ್ಮೆ ಫೋನಿನಲ್ಲಿ ‘ಅಣ್ಣ ಅಮ್ಮನ ಹತ್ತಿರ ಮಾತಾಡಿದ’ ಅನ್ನೋಕೆ ಹೋಗಿ ಆಬ್ಲೋ ಬದಲು ಆಬ್ಲೊ ಅಂದುಬಿಟ್ಟೆ. ಮೆಕ್ಸಿಕೊದ ಗೆಳತಿ ‘ನೀನು ದಿನಾ ಮಾತಾಡ್ತೀಯಾ?’ ಅಂತ ಕೇಳಿದಳು. ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ‘ನಾನು ಮಾತಾಡುತ್ತೇನೆ’, ಕೊನೆಯದರ ಮೇಲೆ ಬಿದ್ದರೆ ‘ಮಾತಾಡಿದ’.

ಹಾಗಂತ ಕೋಷ್ಟಕ ಬಿಟ್ಟಿಲ್ಲ. ಹುಡುಕು ಅನ್ನೋ ಬುಸ್ಕಾರ್ ‘ಬುಸ್ಕೇ’ (ಹುಡುಕಿದೆ) ಆದಾಗ ‘ಕ್’ ಸದ್ದು ಕಿವಿಗೆ ಬದಲಾಗದು, ಬರವಣಿಗೆಯಲ್ಲಿ ಮಾತ್ರ ‘ಸಿ’ ಹೋಗಿ ‘ಕ್ಯು, ಯು’ ಬರುತ್ತದೆ. ಇಂಥವನ್ನು ಭಾನುವಾರ ಕೂತು ಪೆನ್ನಿನಲ್ಲಿ ಬರೆಯುತ್ತೇನೆ.