ಹಳೇ ಇವಿಯ ಕುಂಯ್ ಸದ್ದಿಗೆ ಆಯಿಲ್, ಟೈರು, ಶೀಟು, ಮೌಂಟು: ಯಾವುದು ಕೆಲಸಕ್ಕೆ ಬಂತು?

ಎಲೆಕ್ಟ್ರಿಕ್ ಕಾರು ಹಳೆಯದಾಗುತ್ತಾ ಹೋದಂತೆ ಮೋಟರ್ ಕಡೆಯಿಂದ ಸಣ್ಣಗೆ ಕುಂಯ್ ಅನ್ನುವ ಸದ್ದು ಶುರುವಾಗುವುದುಂಟು. ನನ್ನದು 2021ರ ಮಾಡೆಲ್, ಮುಂದಿನ ಚಕ್ರಗಳನ್ನು ಓಡಿಸುವ ಒಂದೇ ಮೋಟರಿನ ಸಣ್ಣ ಎಸ್‌ಯುವಿ. ಬಳ್ಳಾರಿಯಿಂದ ತೋರಣಗಲ್ಲು, ಹೊಸಪೇಟೆ, ಆಗಾಗ ಸಿರುಗುಪ್ಪ ದಾಟಿ ಸಿಂಧನೂರು, ಅದರ ಓಡಾಟ ಇಷ್ಟೇ. ಐವತ್ತರಿಂದ ಎಂಬತ್ತರ ವೇಗದಲ್ಲಿ ಈ ಸದ್ದು ಕಿವಿಯ ಪಕ್ಕ ಸೊಳ್ಳೆ ಹಾರಾಡಿದ ಹಾಗೆ. ಜೋರಿಲ್ಲ, ಆದರೆ ಬಿಡುವುದೂ ಇಲ್ಲ.

ಕೇಳಿದವರೆಲ್ಲ ಹೇಳಿದ್ದು ನಾಲ್ಕು ಮದ್ದು. ಗೇರ್ ಆಯಿಲ್ ಬದಲಿಸು, ಟೈರ್ ಬದಲಿಸು, ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಹಾಕಿಸು, ಮೋಟರ್ ಮೌಂಟ್ (ಮೋಟರನ್ನು ಹೊತ್ತು ನಿಲ್ಲುವ ರಬ್ಬರ್ ಆಧಾರ) ಬದಲಿಸು. ನಾಲ್ಕನ್ನೂ ಮಾಡಿಸಿದೆ, ಒಂದೊಂದಾಗಿ, ನಡುವೆ ಬಿಡುವು ಕೊಟ್ಟು. ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಕಡಿಮೆ ಆಯ್ತು ಅಂತ ಹೇಗೆ ಗೊತ್ತಾಗಬೇಕು ಅಲ್ವಾ?

ಕಾಯಿಸದೆ ಹೇಳಿಬಿಡುತ್ತೇನೆ. ಗೆದ್ದದ್ದು ಮೌಂಟ್. ಆಯಿಲ್ ಎರಡನೆಯದು, ಆದರೆ ಕೊಟ್ಟ ದುಡ್ಡಿಗೆ ಸಿಕ್ಕ ಲಾಭ ನೋಡಿದರೆ ಅದೇ ಮುಂದೆ. ಟೈರು ಬೇರೆಯದೇ ಸದ್ದಿನ ಮದ್ದು. ಶೀಟು ಹಾಕಿಸಿದ ಮೇಲೆ ಹಾಡು ಚೆನ್ನಾಗಿ ಕೇಳಿಸುತ್ತದೆ.

ಸದ್ದು ಎಲ್ಲಿಂದ ಹುಟ್ಟುತ್ತದೆ ಅನ್ನುವುದನ್ನು ಸ್ವಲ್ಪ ನೋಡೋಣ, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಪೆಟ್ರೋಲ್ ಕಾರಿನಲ್ಲೂ ಗೇರಿನ ಹಲ್ಲು ಕೂಗುತ್ತದೆ, ಎಂಜಿನ್ ಗದ್ದಲದಲ್ಲಿ ನಮಗೆ ಕೇಳಿಸುವುದಿಲ್ಲ ಅಷ್ಟೇ. ಇವಿಯಲ್ಲಿ ಆ ಗದ್ದಲವೇ ಇಲ್ಲ. ಮೋಟರ್ ಮತ್ತು ಚಕ್ರದ ನಡುವೆ ಒಂದೇ ಅನುಪಾತದ ರಿಡಕ್ಷನ್ ಗೇರ್ ಇರುತ್ತದೆ. ಸುಮಾರಾಗಿ ಮೋಟರ್ ಒಂಬತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. 215/60 ಆರ್16 ಟೈರಿನ ಸುತ್ತಳತೆ ಹೆಚ್ಚುಕಡಿಮೆ 2.09 ಮೀಟರ್. ಗಂಟೆಗೆ 60 ಕಿಮೀ ವೇಗದಲ್ಲಿ ಆ ಚಕ್ರ ನಿಮಿಷಕ್ಕೆ 480 ಸುತ್ತು ಹಾಕುತ್ತದೆ, ಮೋಟರ್ 4,300. ಮೋಟರ್ ಕಡೆಯ ಗೇರಿಗೆ 20 ಹಲ್ಲು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1,400ಕ್ಕೂ ಜಾಸ್ತಿ ಸಲ ಹಲ್ಲಿಗೆ ಹಲ್ಲು ಸಿಗುತ್ತದೆ. 90 ಕಿಮೀ ವೇಗಕ್ಕೆ ಅದು 2,100 ದಾಟುತ್ತದೆ. ಮನುಷ್ಯರ ಕಿವಿ ಬಲು ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಸಲ) ನಡುವೆ. ಅಂದರೆ ನಾವು ಹೈವೇಯಲ್ಲಿ ಓಡಿಸುವ ವೇಗದಲ್ಲೇ ಈ ಸದ್ದು ಕಿವಿಗೆ ನೇರವಾಗಿ ಬಂದು ಬಡಿಯುತ್ತದೆ.

ಇದರ ಜೊತೆಗೆ ಮೋಟರಿನೊಳಗೆ ಅಯಸ್ಕಾಂತದ ಎಳೆತದಿಂದ ಬರುವ ಗುಂಯ್ ಬೇರೆ. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸಿಕೊಡುವ ಇನ್ವರ್ಟರ್ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುವಾಗ ಬರುವ ತೆಳ್ಳನೆಯ ಟೀ ಅನ್ನುವ ಸದ್ದು ಇನ್ನೊಂದು. ಆ ಟೀ ನನ್ನ ಮಗಳಿಗೆ ಕೇಳಿಸುತ್ತದೆ, ನನಗೆ ಕೇಳಿಸುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಎತ್ತರದ ಸ್ವರಗಳನ್ನು. ಹಳೆಯದಾಗುತ್ತಿರುವುದು ಕಾರು ಮಾತ್ರ ಅಲ್ಲ!

ಕಾರು ಹೊಸದಿದ್ದಾಗ ಇಲ್ಲದ ಸದ್ದು ಆಮೇಲೆ ಯಾಕೆ ಬರುತ್ತದೆ? ಹಲ್ಲು ಸವೆಯುತ್ತದೆ, ಆಯಿಲ್ ಹಳತಾಗುತ್ತದೆ, ಮೋಟರನ್ನು ಹೊತ್ತ ರಬ್ಬರ್ ಗಟ್ಟಿಯಾಗುತ್ತದೆ, ಬಾಗಿಲ ಬೀಡಿಂಗ್ ಸಡಿಲವಾಗುತ್ತದೆ. ನಮ್ಮ ಬಳ್ಳಾರಿ ಬಿಸಿಲಿಗೆ ರಬ್ಬರ್ ಬೇಗ ಸೋಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಲ್ಲಿ ದಿನವಿಡೀ ಹೊರಗೆ ನಿಲ್ಲುವ ಕಾರು ಇದು. ಮೇಲಿಂದ ಸಂಡೂರು ಕಡೆ ಹೋದರೆ ಅದಿರು ಲಾರಿಗಳ ಕೆಂಪು ಧೂಳು ಬೀಡಿಂಗ್ ಸಂದಿಯಲ್ಲೆಲ್ಲ ಕೂತುಬಿಡುತ್ತದೆ.

ಇವೆಲ್ಲಕ್ಕಿಂತ ಕೆಟ್ಟದ್ದು ಬೇರಿಂಗ್. ಇನ್ವರ್ಟರಿನಿಂದಾಗಿ ಮೋಟರ್ ಶಾಫ್ಟ್ ಮೇಲೆ ವೋಲ್ಟೇಜ್ ಸೇರಿಕೊಳ್ಳುತ್ತದೆ. ಅದು ಬೇರಿಂಗ್ ಮೂಲಕ ಸಣ್ಣ ಸಣ್ಣ ಕಿಡಿಯಾಗಿ ಹಾಯ್ದರೆ ಒಳಗಿನ ನುಣುಪು ಹೋಗಿ ಗೆರೆ ಗೆರೆ ಬೀಳುತ್ತದೆ. ಇದನ್ನು ತಡೆಯಲೆಂದೇ ಕೆಲವು ಮೋಟರುಗಳಲ್ಲಿ ಸೆರಾಮಿಕ್ ಗುಂಡಿನ ಬೇರಿಂಗ್ ಅಥವಾ ಶಾಫ್ಟ್‌ಗೆ ಅರ್ಥಿಂಗ್ ರಿಂಗ್ ಹಾಕುತ್ತಾರೆ. ಒಮ್ಮೆ ಗೆರೆ ಬಿದ್ದ ಮೇಲೆ ಈ ನಾಲ್ಕು ಮದ್ದಿನಲ್ಲಿ ಯಾವುದೂ ನಾಟುವುದಿಲ್ಲ. ಅದು ವಾರಂಟಿಯ ಕೆಲಸ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಸದ್ದಿನ ಗುರುತು ಹಿಡಿಯಬೇಕು. ನಾನು ಬೆಳಗಿನ ಜಾವ ಸಂಗನಕಲ್ಲು ಕಡೆ ಹೋಗುತ್ತಿದ್ದೆ, ಆಗ ಟ್ರಾಫಿಕ್ ಇರುವುದಿಲ್ಲ. ಅಲ್ಲಿನ ಗುಡ್ಡದಲ್ಲಿ ಬಡಿದರೆ ಠಣ್ ಅನ್ನುವ ಕರಿಬಂಡೆಗಳಿವೆ, ನವಶಿಲಾಯುಗದ ಜನ ಬಡಿದ ಗುಳಿಗಳು ಇನ್ನೂ ಕಾಣುತ್ತವೆ. ಸದ್ದಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಪಕ್ಕದ ಸೀಟಿನಲ್ಲಿ ಕೂತವರ ಕೈಗೆ ಫೋನ್ ಕೊಟ್ಟು, ಸ್ಪೆಕ್ಟ್ರಮ್ (ಯಾವ ಸ್ವರ ಎಷ್ಟು ಜೋರು ಅನ್ನುವ ಗೆರೆಗಳು) ತೋರಿಸುವ ಉಚಿತ ಆ್ಯಪ್ ಹಾಕಿ, ಎಸಿ ಪೂರ್ತಿ ಬಂದ್ ಮಾಡಿ ಓಡಿಸಿದೆ. ಎಸಿ ಬಂದ್ ಮಾಡುವುದು ಮುಖ್ಯ. ಇವಿಯ ಕಂಪ್ರೆಸರ್ ಕೂಡ ಕರೆಂಟಿನದೇ, ಕಾರು ನಿಂತಾಗಲೂ ಗುಂಯ್ ಅನ್ನುತ್ತದೆ.

ವೇಗ ಏರಿದಂತೆ ಸ್ವರವೂ ಏರಿದರೆ ಮೋಟರ್ ಅಥವಾ ಗೇರ್. ವೇಗ ಬದಲಾದರೂ ಸ್ವರ ಅಲ್ಲೇ ನಿಂತರೆ ಇನ್ವರ್ಟರ್, ಇಲ್ಲವೇ ಪಂಪು, ಫ್ಯಾನು. ಊರೊಳಗಿನ ಸಿಸಿ ರಸ್ತೆಯಲ್ಲಿ ಜೋರಾಗಿ ಡಾಂಬರಿನ ಮೇಲೆ ಕಡಿಮೆಯಾದರೆ ಟೈರು. ಸ್ಟಿಯರಿಂಗ್ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿಸಿದಾಗ ಗುರ್ ಅನ್ನುವುದು ಹೆಚ್ಚುಕಡಿಮೆಯಾದರೆ ಚಕ್ರದ ಬೇರಿಂಗ್. ಖಾಲಿ ರಸ್ತೆಯಲ್ಲಿ ಕ್ಷಣಕಾಲ ನ್ಯೂಟ್ರಲ್‌ಗೆ ಹಾಕಿದಾಗ ಕುಂಯ್ ಮಾಯವಾದರೆ ಅದು ಭಾರ ಬಿದ್ದಾಗ ಮಾತ್ರ ಬರುವ ಸದ್ದು, ಗೇರಿನ ಹಲ್ಲಿನದು ಇರಬಹುದು. ನ್ಯೂಟ್ರಲ್‌ನಲ್ಲೂ ಹಾಗೇ ಇದ್ದರೆ ಬೇರಿಂಗ್ ಮೇಲೆ ಅನುಮಾನ. ನನ್ನದು ಮಾಯವಾಯಿತು. ಆಕ್ಸಿಲರೇಟರ್ ಬಿಟ್ಟು ರೀಜೆನ್ (ಮೋಟರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಚಾರ್ಜ್ ಮಾಡುವುದು) ಶುರುವಾದಾಗ ಮತ್ತೆ ಬರುತ್ತಿತ್ತು, ಬೇರೆ ಬಣ್ಣದಲ್ಲಿ. ರೀಜೆನ್ ಆಗುವಾಗ ಹಲ್ಲಿನ ಇನ್ನೊಂದು ಮಗ್ಗುಲ ಮೇಲೆ ಭಾರ ಬೀಳುತ್ತದೆ, ಅದಕ್ಕೇ.

ಈಗ ಆಯಿಲ್. ಬಹಳ ಜನ ಇವಿಗೆ ಆಯಿಲ್ಲೇ ಇಲ್ಲ ಅಂದುಕೊಂಡಿದ್ದಾರೆ. ಎಂಜಿನ್ ಆಯಿಲ್ ಇಲ್ಲ, ಗೇರ್ ಆಯಿಲ್ ಇದೆ. ನನ್ನ ಕಾರಿಗೆ ಹಿಡಿಯುವುದು ಒಂದು ಲೀಟರಿನ ಆಸುಪಾಸು. ಊರಿನ ಗ್ಯಾರೇಜಿನವರು "ನೈಂಟಿ ನಂಬರ್ ಹಾಕಿಬಿಡೋಣ, ಸದ್ದೇ ಬರಲ್ಲ" ಅಂದರು. ಟ್ರ್ಯಾಕ್ಟರಿಗೆ, ಲಾರಿಗೆ ಹಾಕುವ ದಪ್ಪ ಆಯಿಲ್ ಅದು. ಕೈ ಮುಗಿದು ಬೇಡ ಅಂದೆ. ದಪ್ಪ ಆಯಿಲ್ ಸದ್ದನ್ನು ಸ್ವಲ್ಪ ಮುಚ್ಚಬಹುದು, ಆದರೆ ಅದನ್ನು ಕಡೆಯುವುದಕ್ಕೇ ಬ್ಯಾಟರಿ ಖರ್ಚಾಗುತ್ತದೆ. ಅಂಥ ಆಯಿಲಿನ ಗಂಧಕದ ಸೇರಿಕೆಗಳು ತಾಮ್ರಕ್ಕೆ ಒಳ್ಳೆಯದಲ್ಲ. ಕೆಲವು ಕಾರುಗಳಲ್ಲಿ ಅದೇ ಆಯಿಲ್ ಮೋಟರಿನ ತಾಮ್ರದ ಸುರುಳಿಯನ್ನೂ ತಂಪು ಮಾಡುತ್ತದೆ, ಅಂಥ ಕಾರಿಗಂತೂ ಹಾಕಲೇಬಾರದು. ಮ್ಯಾನುಯಲ್‌ನಲ್ಲಿ ಬರೆದ ಗ್ರೇಡನ್ನೇ ತರಿಸಿದೆ, ತಡವಾದರೂ ಸರಿ ಅಂತ.

ಡ್ರೇನ್ ಬೋಲ್ಟ್ ಬಿಚ್ಚಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಜೇನಿನ ಬಣ್ಣದಲ್ಲಿರಬೇಕಾದ ಆಯಿಲ್ ಬೂದಿ ಬಣ್ಣಕ್ಕೆ ತಿರುಗಿತ್ತು. ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಕಪ್ಪು ಲೇಪದಂಥದ್ದು ಮೆತ್ತಿಕೊಂಡಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ಬಿಸಿಲಿಗೆ ಹಿಡಿದೆ. ಮಿಣಮಿಣ ಅನ್ನುವ ನುಣ್ಣನೆಯ ಪುಡಿ, ಚುಚ್ಚುವಂಥದ್ದು ಏನೂ ಸಿಗಲಿಲ್ಲ. ಪುಡಿ ಇದ್ದರೆ ಮಾಮೂಲಿ ಸವೆತ. ಚೂರುಗಳು, ಸಿಪ್ಪೆಯಂಥ ತುಣುಕು ಸಿಕ್ಕಿದರೆ ಅಲ್ಲಿಗೆ ಕೆಲಸ ನಿಲ್ಲಿಸಿ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋಗಬೇಕು.

ಹೊಸ ಆಯಿಲ್ ಹಾಕಿದ ಮೇಲೆ ಸ್ವರ ಬದಲಾಗಲಿಲ್ಲ, ಅದರ ಹರಿತ ಕಡಿಮೆಯಾಯಿತು. ಆ್ಯಪ್‌ನಲ್ಲಿ ಗೆರೆ ಅದೇ ಜಾಗದಲ್ಲಿ, ಆದರೆ ಗಿಡ್ಡವಾಗಿ ಕಾಣಿಸಿತು. ರೀಜೆನ್‌ನಲ್ಲಿ ಬರುತ್ತಿದ್ದ ಕುಂಯ್ ಮಾತ್ರ ಬಹುತೇಕ ಹೋಯಿತು. ಖರ್ಚು? ಲೇಬರ್ ಸೇರಿಸಿದರೂ ಒಂದು ಟೈರಿನ ಅರ್ಧದಷ್ಟೂ ಆಗಲಿಲ್ಲ.

ಟೈರಿನ ಕಥೆ ತಮಾಷೆಯದು. ಹಳೇ ಟೈರು ಹೇಗೂ ಸವೆದಿದ್ದವು, ಅಂಚು ಗರಗಸದ ಹಲ್ಲಿನಂತೆ ಏರುಪೇರಾಗಿತ್ತು. ಮೆತ್ತನೆಯ ಟೂರಿಂಗ್ ಟೈರು ಹಾಕಿಸಿದೆ. ಹೊಸಪೇಟೆ ರಸ್ತೆಯಲ್ಲಿ ಕಾರಿನೊಳಗೆ ಎಷ್ಟು ನಿಶ್ಶಬ್ದ ಅಂದರೆ ಮೋಟರಿನ ಕುಂಯ್ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸತೊಡಗಿತು. ಗದ್ದಲ ಕಡಿಮೆಯಾದಷ್ಟೂ ಮರೆಯಲ್ಲಿದ್ದದ್ದು ಹೊರಗೆ ಬರುತ್ತದೆ. ಟೈರಿನ ಬಗ್ಗೆ ನನಗೆ ದೂರಿಲ್ಲ, ಸುಖವಾಗಿದೆ. ಮೆತ್ತನೆಯ ಟೈರಿಗೆ ಉರುಳುವ ಪ್ರತಿರೋಧ ಜಾಸ್ತಿ, ಹಾಗಾಗಿ ರೇಂಜ್ ಸ್ವಲ್ಪ ಇಳಿಯಿತು. ಆದರೆ ಮೋಟರ್ ಸದ್ದಿಗಾಗಿ ಟೈರ್ ಬದಲಿಸುತ್ತೇನೆ ಅನ್ನುವವರಿಗೆ ನನ್ನ ಮಾತು ಒಂದೇ, ಬೇಡ.

ಶೀಟಿನದೂ ಹೆಚ್ಚುಕಡಿಮೆ ಇದೇ ಹಾಡು. ಅಲ್ಯೂಮಿನಿಯಂ ಹಾಳೆ ಅಂಟಿಸಿದ ಬ್ಯೂಟೈಲ್ ರಬ್ಬರ್ ಶೀಟನ್ನು ಬಾಗಿಲಿಗೆ, ಕಾಲಡಿಯ ತಗಡಿಗೆ ಹೊಡೆಯುತ್ತಾರೆ. ತಗಡು ನಡುಗುವುದನ್ನು ಅದು ತಡೆಯುತ್ತದೆ. ನಡುಕದ ಸದ್ದು ತಗ್ಗಿನ ಸ್ವರದ್ದು, ರಸ್ತೆಯ ಗುಡುಗುಡು ಅಂಥದ್ದು. ನಮ್ಮ ಕುಂಯ್ ಎತ್ತರದ ಸ್ವರದ್ದು, ಅದಕ್ಕೆ ಶೀಟಿನ ಹಂಗಿಲ್ಲ. ಬಾಗಿಲು ಹಾಕಿದರೆ ಈಗ ದಪ್ ಅನ್ನುತ್ತದೆ, ದುಬಾರಿ ಕಾರಿನ ಗತ್ತು ಬಂದಿದೆ. ಅಂಗಡಿಯವರು ಮೋಟರ್ ಸುತ್ತಲೂ ಫೋಮ್ ಸುತ್ತಿಕೊಡುತ್ತೇನೆ ಅಂತಲೂ ಹೇಳಿದರು. ಫೋಮ್ ಎತ್ತರದ ಸ್ವರವನ್ನು ಹೀರುತ್ತದೆ, ಅದು ನಿಜ. ಹಾಗಂತ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ವೈರ್ ಇರುವ ಕಡೆ ಕೈ ಹಾಕಲು ಯಾರನ್ನೂ ಬಿಡಬೇಡಿ. ಈ ಬಿಸಿಲಲ್ಲಿ ಮೋಟರಿಗೆ ಕಂಬಳಿ ಹೊದಿಸಿದರೆ ಅದರ ಶಾಖ ಎಲ್ಲಿಗೆ ಹೋಗಬೇಕು? ಬಾನೆಟ್ ಒಳಮೈಗೆ ಮಾತ್ರ ಬೆಂಕಿ ಹತ್ತದ ಫೋಮ್ ಲೈನರ್ ಹಾಕಿಸಿದೆ. ಹೊರಗೆ ನಿಂತವರಿಗೆ ವ್ಯತ್ಯಾಸ ಗೊತ್ತಾಗುತ್ತದಂತೆ, ಒಳಗೆ ಕೂತವರಿಗೆ ಇಲ್ಲ.

ಕೊನೆಗೆ ಮೌಂಟ್. ಇದನ್ನು ಮೊದಲ ಮದ್ದಾಗಿ ಯಾರೂ ಹೇಳಲಿಲ್ಲ, ಸರ್ವಿಸ್ ಸೆಂಟರಿನಲ್ಲಂತೂ "ಇವಿ ಅಂದ್ರೆ ಹಿಂಗೇ ಸರ್" ಅಂದು ಕಳಿಸಿದ್ದರು. ನನಗೆ ಸುಳಿವು ಕೊಟ್ಟದ್ದು ಬೇರೆ ಲಕ್ಷಣ. ಡಿಯಿಂದ (ಮುಂದಕ್ಕೆ) ಆರ್‌ಗೆ (ರಿವರ್ಸ್) ಹಾಕಿದಾಗ ಮುಂದೆ ಎಲ್ಲೋ ದಡ್ ಅಂತ ಒಂದು ಪೆಟ್ಟು. ಕಾರು ಎತ್ತಿಸಿ ನೋಡಿದರೆ ಕೆಳಗಿನ ಮೌಂಟಿನ ರಬ್ಬರಿನಲ್ಲಿ ಬೆರಳುಗುರು ಇಳಿಯುವಷ್ಟು ಬಿರುಕು. ಉಳಿದ ಭಾಗ ಒತ್ತಿದರೆ ಒಳಗೆ ಹೋಗುತ್ತಲೇ ಇರಲಿಲ್ಲ, ಹೊಸದನ್ನು ಪಕ್ಕದಲ್ಲಿ ಹಿಡಿದು ಒತ್ತಿದಾಗ ವ್ಯತ್ಯಾಸ ಕೈಗೇ ತಿಳಿಯಿತು. ಮೋಟರಿನ ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ, ಮೌಂಟ್ ಹಿಡಿದು ಕಾರಿನ ಬಾಡಿಯನ್ನು ಹತ್ತಿ ಅಲ್ಲಿಂದ ಕ್ಯಾಬಿನ್ ತುಂಬಾ ಹರಡುತ್ತದೆ. ರಬ್ಬರ್ ಮೆತ್ತಗಿದ್ದರೆ ಅಲ್ಲೇ ಸಾಯುತ್ತದೆ, ಗಟ್ಟಿಯಾದರೆ ದಾರಿ ಬಿಟ್ಟುಕೊಡುತ್ತದೆ. ಸೆಟ್ ಪೂರ್ತಿ ಬದಲಿಸಿದೆ. ಪಾರ್ಟ್ ಬೆಂಗಳೂರಿನಿಂದ ಬರುವ ತನಕ ಕಾಯಬೇಕಾಯಿತು, ಬಿಲ್ಲು ಆಯಿಲಿನ ಎಷ್ಟೋ ಪಟ್ಟು. ರಬ್ಬರ್ ಸವೆಯುವ ಐಟಂ, ವಾರಂಟಿಗೆ ಬರಲ್ಲ ಅಂತ ಅಲ್ಲೇ ಕೈ ತೊಳೆದುಕೊಂಡರು.

ಆದರೆ ಫಲಿತಾಂಶ ನೋಡಿ. ಐವತ್ತರಿಂದ ಎಂಬತ್ತರ ನಡುವೆ ಕುಂಯ್ ಈಗ ಹುಡುಕಿದರೆ ಮಾತ್ರ ಸಿಗುತ್ತದೆ. ಸಂಡೂರಿನ ಏರಿನಲ್ಲಿ ಪೂರ್ತಿ ಭಾರ ಬಿದ್ದಾಗ ಇನ್ನೂ ಇದೆ, ಅಷ್ಟಕ್ಕೆ ನನ್ನ ತಕರಾರಿಲ್ಲ. ಆ ದಡ್ ಅನ್ನುವ ಪೆಟ್ಟು ಪೂರ್ತಿ ಹೋಯಿತು.

ದುಡ್ಡೇ ಬೇಡದ ಇನ್ನೊಂದು ದಾರಿಯೂ ಇದೆ, ರೀಜೆನ್ ಮಟ್ಟ ಇಳಿಸುವುದು. ನನ್ನ ಕಾರಿನಲ್ಲಿ ಒಂದು ಮೆಟ್ಟಿಲು ಇಳಿಸಿದರೆ ವೇಗ ಕಡಿಮೆ ಮಾಡುವಾಗಿನ ಸದ್ದು ತಗ್ಗುತ್ತದೆ. ಬಳ್ಳಾರಿ ಊರೊಳಗೆ, ಆಟೋ, ಎತ್ತು, ಬೈಕುಗಳ ನಡುವೆ, ಜೋರು ರೀಜೆನ್ ಬಿಟ್ಟರೆ ಕಾಲಿಗೆ ಬ್ರೇಕಿನ ಕೆಲಸ ಜಾಸ್ತಿ. ಹೈವೇಗೆ ಮಾತ್ರ ಇಳಿಸಿಕೊಳ್ಳುತ್ತೇನೆ.

ನಿಮ್ಮ ಕಾರಿಗೆ ಯಾವುದು ಮೊದಲು ಅಂತ ಕೇಳಿದರೆ ಡಿ, ಆರ್ ನಡುವೆ ಪೆಟ್ಟು ಇದೆಯಾ ನೋಡಿ. ಇದ್ದರೆ ನೇರ ಮೌಂಟಿಗೆ ಹೋಗಿ. ಇಲ್ಲದಿದ್ದರೆ ಆಯಿಲಿನಿಂದ ಶುರುಮಾಡಿ, ಕಂಪನಿ ಅದನ್ನು ಬದಲಿಸುವುದೇ ಬೇಡ ಅಂದಿದ್ದರೂ ತೆಗೆಸಿ ಒಮ್ಮೆ ನೋಡುವುದು ನಷ್ಟವಲ್ಲ. ವಾರಂಟಿ ಇರುವ ಕಾರಾದರೆ ಮಾತ್ರ ಹೊರಗೆ ಬಿಚ್ಚಿಸಬೇಡಿ, ಅವರ ಕೈಯಲ್ಲೇ ಮಾಡಿಸಿ. ಬ್ಯಾಟರಿಗೂ ಮೋಟರಿಗೂ 8 ವರ್ಷ ಅಥವಾ 1.6 ಲಕ್ಷ ಕಿಮೀ ವಾರಂಟಿ ಕೊಟ್ಟ ಕಾರುಗಳು ನಮ್ಮಲ್ಲಿವೆ. ಅಮೆರಿಕದಲ್ಲಿ ಟೆಸ್ಲಾ ಮಾಡೆಲ್ ಎಸ್‌ನ ಮೊದಲ ಕಾರುಗಳಲ್ಲಿ ಡ್ರೈವ್ ಯೂನಿಟ್ (ಮೋಟರ್, ಗೇರು ಸೇರಿದ ಭಾಗ) ಸದ್ದು ಮಾಡಿ ಬದಲಿಸಬೇಕಾಗಿ ಬಂದು, 2014ರಲ್ಲಿ ಕಂಪನಿ ಅದಕ್ಕೂ 8 ವರ್ಷ, ಕಿಮೀ ಮಿತಿಯೇ ಇಲ್ಲದ ವಾರಂಟಿ ಘೋಷಿಸಿತು. ಸದ್ದಿನ ದೂರಿಗೆ ಬೆಲೆ ಇದೆ, ಬಾಯಲ್ಲಿ ಹೇಳಿ ಸುಮ್ನೆ ಬಂದರೆ ಆಗುವುದಿಲ್ಲ ಅಷ್ಟೇ. ಯಾವ ವೇಗದಲ್ಲಿ, ನ್ಯೂಟ್ರಲ್‌ನಲ್ಲಿ ಇದೆಯೋ ಇಲ್ಲವೋ, ಎಸಿ ಬಂದ್ ಇತ್ತೋ ಇಲ್ಲವೋ, ಇಷ್ಟನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ. ಸರ್ವಿಸ್ ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೌಂಡ್ ಹೊಡೆಸಿ, ಆಮೇಲೆ ಜಾಬ್ ಕಾರ್ಡಿನಲ್ಲಿ ಕಿಲೋಮೀಟರ್ ಸಮೇತ ಬರೆಸಿ ಒಂದು ಪ್ರತಿ ಇಸಿದುಕೊಳ್ಳಿ.