ಕೀಮೋ ಜೊತೆ ಅರಿಶಿನ–ಮೆಣಸಿನ ಕ್ಯಾಪ್ಸೂಲ್: ಡಬ್ಬಿಯಲ್ಲಿ ಏನಿದೆ, ಮೈಗೆ ಎಷ್ಟು ಹತ್ತುತ್ತದೆ

ಮೆಡಿಕಲ್ ಶಾಪಿನಲ್ಲೂ ಆನ್‌ಲೈನಿನಲ್ಲೂ ಚೀಟಿಯಿಲ್ಲದೆ ಸಿಗುವ ‘ಕರ್ಕ್ಯುಮಿನ್ ವಿತ್ ಪೈಪರಿನ್’ (ಅರಿಶಿನದ ಮುಖ್ಯ ಅಂಶದ ಜೊತೆ ಕರಿಮೆಣಸಿನ ಖಾರದ ಅಂಶ) ಕ್ಯಾಪ್ಸೂಲನ್ನು ಕ್ಯಾನ್ಸರ್ ರೋಗಿಗಳ ಮನೆಯವರು ಆಸೆಯಿಂದ ತರುತ್ತಾರೆ. ಕೀಮೋಗೆ ಬಗ್ಗದ ಕೋಶವನ್ನು ಇದು ಬಗ್ಗಿಸುತ್ತದೆ ಎಂಬ ನಂಬಿಕೆ. ಅದಕ್ಕೆ ಬುಡವಿಲ್ಲವೆಂದಲ್ಲ. ಹಟಮಾರಿ ಕೋಶಗಳು ಒಳಗೆ ಬಂದ ಔಷಧಿಯನ್ನು ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪಿನಿಂದ ಹೊರಗೆ ತಳ್ಳುತ್ತವೆ. ಲ್ಯಾಬಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಬೆರೆಸಿದರೆ ಆ ಪಂಪು ಮಂಕಾಗುತ್ತದೆ, ಔಷಧಿ ಒಳಗೇ ಉಳಿಯುತ್ತದೆ.

ಮೊದಲು ಲೇಬಲ್ ಓದಿ. ‘ಅರಿಶಿನ ಪುಡಿ 500 ಮಿ.ಗ್ರಾಂ’ ಎಂದಿದ್ದರೆ ಅದರಲ್ಲಿ ಕರ್ಕ್ಯುಮಿನ್ ಸುಮಾರು 15 ಮಿ.ಗ್ರಾಂ ಅಷ್ಟೇ, ಅಡುಗೆಮನೆ ಡಬ್ಬಿಯ ಅರಿಶಿನವೇ ಸಾಕು. ‘95% ಸಾರ, 500 ಮಿ.ಗ್ರಾಂ’ ಎಂದಿದ್ದರೆ 475 ಮಿ.ಗ್ರಾಂ, ಅಂದರೆ ಹೆಚ್ಚುಕಡಿಮೆ 16 ಗ್ರಾಂ ಪುಡಿಯಲ್ಲಿರುವಷ್ಟು. ಜೊತೆಗೆ ಸಾಮಾನ್ಯವಾಗಿ 5 ಮಿ.ಗ್ರಾಂ ಪೈಪರಿನ್.

ಒಂದು ಕ್ಯಾಪ್ಸೂಲ್ ಬಿಚ್ಚಿ ಅರ್ಧ ಲೋಟ ನೀರಿಗೆ ಸುರಿದು ನೋಡಿ. ಎಷ್ಟು ಕಲಕಿದರೂ ಪುಡಿ ಕರಗುವುದಿಲ್ಲ, ಕಿತ್ತಳೆ ಬಣ್ಣದ ಕಣಗಳು ಲೋಟದ ಅಂಚಿಗೆ ಅಂಟಿಕೊಳ್ಳುತ್ತವೆ. ಕರುಳಿನಲ್ಲೂ ಅದೇ ಪಾಡು. ಹೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆ ಮೇದೋಜೀರಕದ ಕ್ಯಾನ್ಸರ್ ಇದ್ದವರಿಗೆ ದಿನಕ್ಕೆ 8 ಗ್ರಾಂ ಕೊಟ್ಟು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರಿಗೆ 22ರಿಂದ 41 ನ್ಯಾನೋಗ್ರಾಂ. ದ್ರವದ ಸಾಂದ್ರತೆ ಅಳೆಯುವ ಮೈಕ್ರೋಮೋಲಾರ್ ಲೆಕ್ಕದಲ್ಲಿ ಇದು 0.1ರ ಆಸುಪಾಸು. ಲ್ಯಾಬಿನ ತಟ್ಟೆಯಲ್ಲಿ ಸುರಿಯುವುದು ಹೆಚ್ಚಾಗಿ 10ರಿಂದ 50 ಮೈಕ್ರೋಮೋಲಾರ್. ಕನಿಷ್ಠ ನೂರು ಪಟ್ಟು ಅಂತರ! ಆ 8 ಗ್ರಾಂ ತಲುಪಲೂ ದಿನಕ್ಕೆ 17 ಕ್ಯಾಪ್ಸೂಲ್ ನುಂಗಬೇಕು. ಕೀಮೋದಿಂದ ಮೊದಲೇ ಸೊರಗಿದ ಹೊಟ್ಟೆ ಅದನ್ನು ತಾಳುವುದು ಕಷ್ಟ.

ಮೆಣಸು ಸೇರಿಸುವುದು ಇದೇ ಕಾರಣಕ್ಕೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ 2000% ಏರಿತು. ಡಬ್ಬಿಗಳ ಮೇಲೆ ಮೆರೆಯುವುದು ಇದೇ ಅಂಕಿ. ಆದರೆ ಪೈಪರಿನ್ ಇಲ್ಲದಾಗ ರಕ್ತದಲ್ಲಿ ಸಿಕ್ಕಿದ್ದೇ ಇಲ್ಲವೆನ್ನುವಷ್ಟು ಕಮ್ಮಿ, ಏರಿದ್ದೂ ಮೊದಲ ಒಂದು ಗಂಟೆಯೊಳಗೆ.

ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಕರ್ಕ್ಯುಮಿನನ್ನು ಬೇಗ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಪೈಪರಿನ್ ತಡೆಯುತ್ತದೆ, ಅವೇ ಕಿಣ್ವಗಳು ಬೇರೆ ಔಷಧಿಗಳನ್ನೂ ಸಂಭಾಳಿಸುತ್ತವೆ. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ನುಂಗುವವರ ಮೇಲೆ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ನಡೆದ ಅಧ್ಯಯನದಲ್ಲಿ, ಟಾಮಾಕ್ಸಿಫೆನ್ ಮೈಯೊಳಗೆ ಬದಲಾಗಿ ಹುಟ್ಟುವ, ನಿಜವಾಗಿ ಕೆಲಸ ಮಾಡುವ ಎಂಡಾಕ್ಸಿಫೆನ್ ಅಂಶ ಬರೀ ಕರ್ಕ್ಯುಮಿನ್‌ನಿಂದ 7.7% ಇಳಿಯಿತು, ಪೈಪರಿನ್ ಸೇರಿದಾಗ 12.4%. ಎಂಡಾಕ್ಸಿಫೆನ್ ಮೊದಲೇ ಕಮ್ಮಿ ಇರುವವರಿಗೆ ಇದು ಸಣ್ಣ ಮಾತಲ್ಲ. ಅವರು ಈ ಡಬ್ಬಿ ತರಲೇಬಾರದು. ಡೋಸಿಟ್ಯಾಕ್ಸೆಲ್, ಇರಿನೋಟೆಕಾನ್ ಎಂಬ ಕೀಮೋ ಔಷಧಿಗಳು ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ನಡೆಯುತ್ತಿದ್ದರೂ, ಪಿತ್ತಕೋಶದಲ್ಲಿ ಕಲ್ಲಿದ್ದರೂ, ಆಪರೇಷನ್ ಹತ್ತಿರವಿದ್ದರೂ ಬೇಡ.

ಅರಿಶಿನದ ಸಾರದಿಂದ ಯಕೃತ್ತಿಗೆ ಪೆಟ್ಟಾದ 10 ಪ್ರಕರಣಗಳು ಅಮೆರಿಕದ ಒಂದು ಅಧ್ಯಯನದಲ್ಲಿ ವರದಿಯಾಗಿವೆ, ಒಬ್ಬರು ತೀರಿಕೊಂಡರು. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ (ಯಕೃತ್ತಿಗೆ ಪೆಟ್ಟಾದರೆ ಏರುವ ಕಿಣ್ವ) ಏರಿದರೆ ವೈದ್ಯರು ಮೊದಲು ಅನುಮಾನಿಸುವುದು ಕೀಮೋವನ್ನು: ಡೋಸ್ ಇಳಿಯುತ್ತದೆ, ಮುಂದಿನ ಸುತ್ತಿನ ಕೀಮೋ ಮುಂದಕ್ಕೆ ಹೋಗುತ್ತದೆ. ಬಚ್ಚಿಟ್ಟು ನುಂಗಿದ ಕ್ಯಾಪ್ಸೂಲಿಗೆ ತೆರುವ ದಂಡ ಇದು.

ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಡಬ್ಬಿಯನ್ನೇ ಆಂಕಾಲಜಿಸ್ಟ್ ಮುಂದಿಡಿ, ಹೆಸರು ಹೇಳಿದರೆ ಸಾಲದು. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸಾರಿಗೆ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಈ ಯಾವ ಭಯವೂ ಬೇಡ.