ಜಿಮ್ನಿ ಹೊಟ್ಟೆಗೆ ಅಲ್ಯೂಮಿನಿಯಂ ತಟ್ಟೆ: ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ತಟ್ಟೆ ಚೆನ್ನಾಗಿದೆ. ನನಗೆ ತಲೆನೋವು ತಂದದ್ದು ಬೋಲ್ಟುಗಳು, ಮತ್ತೆ ತಟ್ಟೆಯ ಮೇಲೆ ಹೋಗಿ ಕೂರುವ ಕೆಸರು.

ಗಾಡಿ 2023ರ ಮಾರುತಿ ಜಿಮ್ನಿ, ಐದು ಬಾಗಿಲಿನದು. ಸ್ಕಿಡ್ ಪ್ಲೇಟ್ (ಗಾಡಿಯ ಅಡಿ ಕಲ್ಲಿಗೆ ಬಡಿಯದಂತೆ ಕಾಯುವ ತಟ್ಟೆ) ಹಾಕಿಸಿದ್ದು ಅದೇ ವರ್ಷ, ಮಳೆ ನಿಂತ ಮೇಲೆ. ಅಲ್ಲಿಂದ ಇಲ್ಲಿಗೆ 31 ಸಾವಿರ ಕಿಲೋಮೀಟರ್ ಓಡಿದೆ. ನಮ್ಮ ಕಾಫಿ ತೋಟ ಇರುವುದು ಸಕಲೇಶಪುರದ ಆಚೆ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಎರಡು ಕಿಲೋಮೀಟರ್ ಜೀಪು ದಾರಿ. ಅಲ್ಲಿಂದ ಆಳುಗಳಿರುವ ಲೈನ್ ಮನೆಗೆ, ಕೆರೆಗೆ ಇಳಿಯುವ ದಾರಿ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ದಾರಿಯೋ ಹಳ್ಳವೋ ಹೇಳುವುದು ಕಷ್ಟ. ವಾರದ ಕೊನೆಗೆ ಬಂದು ನೀರಿಗೆ ಗಾಡಿ ಇಳಿಸಿ ವಿಡಿಯೊ ಮಾಡಿಕೊಂಡು ಹೋಗುವವರಿಗೆ ಸಿಕ್ಕಿಕೊಳ್ಳುವುದೂ ಒಂದು ಮಜಾ. ನಾನು ಸಿಕ್ಕಿಕೊಂಡರೆ ಆಳುಗಳು ಕೈಕಟ್ಟಿ ಕೂರುತ್ತಾರೆ, ಅವತ್ತಿನ ಕೆಲಸ ಹೋಯಿತು.

ಜಿಮ್ನಿಯ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ಹಿಂದೆ ಮುಂದೆ ಎರಡೂ ಕಡೆ ರಿಜಿಡ್ ಆಕ್ಸಲ್, ಅಂದರೆ ಎರಡು ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಅಚ್ಚು. ಹಾಗಾಗಿ ಎಲ್ಲಕ್ಕಿಂತ ಕೆಳಗೆ ನೇತಾಡುವುದು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನ ಗುಂಡು. ಚಾಸಿಗೆ ಬಿಗಿಯುವ ಈ ತಟ್ಟೆಗಳಿಂದ ಅದಕ್ಕೆ ಯಾವ ಕಾವಲೂ ಇಲ್ಲ. ಆಕ್ಸಲ್ ಚಕ್ರದ ಜೊತೆ ಏರಿಳಿಯುತ್ತದೆ, ತಟ್ಟೆ ಚಾಸಿಯ ಜೊತೆ ಇದ್ದಲ್ಲೇ ಇರುತ್ತದೆ. ತಟ್ಟೆ ಹಾಕಿಸಿದೆ, ಇನ್ನು ಅಡಿಯ ಚಿಂತೆ ಇಲ್ಲ ಅಂದುಕೊಂಡವರು ಇದನ್ನು ತಿಳಿದಿರಲಿ. ಇದು ಕಾಯುವುದು ಎಂಜಿನ್ ಸಂಪ್ (ಆಯಿಲ್ ತೊಟ್ಟಿ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕಳಿಸುವ ಪೆಟ್ಟಿಗೆ), ಇಷ್ಟನ್ನು. ಐದು ಬಾಗಿಲಿನ ಗಾಡಿಗೆ ಇದು ಹೆಚ್ಚು ಬೇಕು. ಮೂರು ಬಾಗಿಲಿನ ಜಿಮ್ನಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಅಂದರೆ ವೀಲ್‌ಬೇಸ್ 2250 ಮಿಲಿಮೀಟರ್ ಇದ್ದರೆ ನಮ್ಮದು 2590. ಮುಂದಿನ ಚಕ್ರ ದಿಬ್ಬ ದಾಟಿ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಅಷ್ಟರಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆ. ಕಂಪನಿ ಹೇಳುವ ಬ್ರೇಕ್‌ಓವರ್ ಕೋನ (ಹೊಟ್ಟೆ ತಾಗದೆ ದಾಟಬಹುದಾದ ದಿಬ್ಬದ ಕಡಿದು) 24 ಡಿಗ್ರಿ. ನಮ್ಮ ಕೆರೆ ಏರಿಯನ್ನು ಯಾರೂ ಕೋನಮಾಪಕ ಹಿಡಿದು ಕಟ್ಟಿಲ್ಲ.

ಈ ಯೋಚನೆ ಹೊಸದೇನಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೇ ಟ್ರಾನ್ಸ್‌ಫರ್ ಕೇಸಿನ ಅಡಿಗೆ ಕಬ್ಬಿಣದ ತಟ್ಟೆ ಇತ್ತು. ಪಕ್ಕದ ತೋಟದ ಗೆಳೆಯ ತನ್ನ ಮಹೀಂದ್ರಾ ಥಾರ್‌ಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ 4 ಮಿಲಿಮೀಟರ್ ಕಬ್ಬಿಣದ ಶೀಟು ಬಗ್ಗಿಸಿ ಹಾಕಿಸಿಕೊಂಡ. ನಾನು ಕೊಟ್ಟದ್ದರ ಮೂರನೇ ಒಂದು ಪಾಲಿಗೆ! ನನ್ನದು ಆನ್‌ಲೈನ್‌ನಲ್ಲಿ ತರಿಸಿದ ಮೂರು ತುಂಡಿನ ಸೆಟ್. 5052 ದರ್ಜೆಯ ಅಲ್ಯೂಮಿನಿಯಂ, 6 ಮಿಲಿಮೀಟರ್ ದಪ್ಪ, ಸಾಗಾಟ ಸೇರಿ 26 ಸಾವಿರ ಚಿಲ್ಲರೆ.

ಹಣ್ಣು ತೂಗುವ ತಕ್ಕಡಿಗೆ ಹಾಕಿ ನೋಡಿದೆ. ಮೂರೂ ಸೇರಿ, ಬೋಲ್ಟು ಬ್ರಾಕೆಟ್ಟು ಎಲ್ಲ ಲೆಕ್ಕ ಹಿಡಿದು 14 ಕೆ.ಜಿ. ಲೆಕ್ಕ ಸುಲಭ: ಒಂದು ಚದರ ಮೀಟರ್ 6 ಮಿಲಿಮೀಟರ್ ಅಲ್ಯೂಮಿನಿಯಂ 16 ಕೆ.ಜಿ. ತೂಗಿದರೆ, 3 ಮಿಲಿಮೀಟರ್ ಕಬ್ಬಿಣ 23 ಕೆ.ಜಿ. ದಾಟುತ್ತದೆ, 4 ಮಿಲಿಮೀಟರ್‌ನದು 31. ಶೀಟು ಬಗ್ಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಲ್ಯೂಮಿನಿಯಂ ಜಾತಿಯಲ್ಲಿ ಮೆತ್ತಗಾದರೂ ಎರಡರಷ್ಟು ದಪ್ಪ ಇರುವುದರಿಂದ, 3 ಮಿಲಿಮೀಟರ್ ಕಬ್ಬಿಣಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿಯಾಗಿರುತ್ತದೆ. ಮಾರುವವರು ಇದನ್ನು ದೊಡ್ಡದಾಗಿ ಹೇಳುತ್ತಾರೆ, ಸುಳ್ಳಲ್ಲ. ಹೇಳದೆ ಬಿಡುವುದು ಇನ್ನೊಂದು ಮಾತು. ಕಬ್ಬಿಣ ಕಲ್ಲಿನ ಮೇಲೆ ಜಾರುತ್ತದೆ, ಅಲ್ಯೂಮಿನಿಯಂ ಕಲ್ಲನ್ನು ಕಚ್ಚಿಕೊಳ್ಳುತ್ತದೆ.

ಅದು ಗೊತ್ತಾದದ್ದು 2024ರ ಜುಲೈಯಲ್ಲಿ. ಲೈನ್ ಮನೆ ಇಳಿಜಾರಿನಲ್ಲಿ ಎರಡು ಗಾಲಿ ಜಾಡಿನ ನಡುವೆ ಹುಲ್ಲು ಬೆಳೆದಿತ್ತು, ಹುಲ್ಲಿನೊಳಗೆ ಕರಿಕಲ್ಲು. ಮಣ್ಣು ಕೊಚ್ಚಿಹೋಗಿ ಅದು ಎದ್ದುನಿಂತದ್ದು ಕಾಣಲಿಲ್ಲ. ಧಡ್ ಅಂತ ಒಂದೇ ಸದ್ದು, ಗಾಡಿ ಅಲ್ಲೇ ಕುಳಿತಿತು. ಲೋ ರೇಂಜ್ (ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿ ಹಿಂದಕ್ಕೆ ತೆಗೆದರೆ ಕರ್ ಅಂತ ಕೆರೆಯುತ್ತದೆ, ಬಿಡುವುದಿಲ್ಲ. ಜಾಕಿ ಕೊಟ್ಟು ಗಾಲಿಯ ಕೆಳಗೆ ಹಲಗೆ ಇಟ್ಟು ಎತ್ತಿ ಬಿಡಿಸುವಷ್ಟರಲ್ಲಿ ಮುಕ್ಕಾಲು ಗಂಟೆ, ಕಾಲಿಗೆ ಏಳು ಇಂಬಳ (ಜಿಗಣೆ). ಆಮೇಲೆ ಬಿಚ್ಚಿ ನೋಡಿದರೆ ನಡುವಿನ ತಟ್ಟೆಗೆ ಗೇಣುದ್ದ ಗೀರು, ಉಗುರು ಇಳಿಯುವಷ್ಟು ಆಳ, ಒಳಗೆಲ್ಲ ಹೊಸ ಪಾತ್ರೆಯ ಹಾಗೆ ಫಳಫಳ. ತಟ್ಟೆ ಬೆರಳಗಲ ಮೇಲಕ್ಕೆ ಬಗ್ಗಿ ಚಾಸಿಯ ಅಡ್ಡಪಟ್ಟಿ ಕ್ರಾಸ್ ಮೆಂಬರಿಗೆ ತಾಗುತ್ತಿತ್ತು. ಟ್ರಾನ್ಸ್‌ಫರ್ ಕೇಸಿಗೆ ಮಾತ್ರ ಒಂದು ಗೀಚೂ ಇಲ್ಲ. ಆ ಕಲ್ಲು ನೇರವಾಗಿ ಅಲ್ಲಿಗೆ ಬಡಿದಿದ್ದರೆ ಆಗುತ್ತಿದ್ದ ಖರ್ಚಿನ ಮುಂದೆ 26 ಸಾವಿರ ಏನೂ ಅಲ್ಲ. ಮರದ ಕೊಡತಿಯಲ್ಲಿ ಬಡಿದು ತಟ್ಟೆ ನೇರ ಮಾಡಿದೆವು, ಬಿರುಕು ಬಿಡಲಿಲ್ಲ. 6061 ದರ್ಜೆಯ ಅಲ್ಯೂಮಿನಿಯಂ ಇದಕ್ಕಿಂತ ಗಟ್ಟಿ, ಆದರೆ ಹೀಗೆ ಬಗ್ಗಿಸಿದರೆ ಸೀಳುವ ಸ್ವಭಾವ ಅದಕ್ಕೆ ಹೆಚ್ಚು. ನಮ್ಮ ಕೆಲಸಕ್ಕೆ 5052 ವಾಸಿ.

ಇನ್ನು ಬೋಲ್ಟಿನ ಕಥೆ. ಆಯಿಲ್ ಬದಲಿಸಲು ಒಂದು ವರ್ಕ್‌ಶಾಪಿನಲ್ಲಿ ಬಿಟ್ಟಿದ್ದೆ, ಯಾವುದು ಅಂತ ಬೇಡ. ಮುಂದಿನ ತಟ್ಟೆಯಲ್ಲಿ ಡ್ರೇನ್ ಬೋಲ್ಟಿಗೆ ತೂತು ಕೊಟ್ಟಿದ್ದಾರೆ, ತಟ್ಟೆ ಬಿಚ್ಚುವುದೇ ಬೇಡ. ಹುಡುಗ ಬಿಚ್ಚಿದ. ವಾಪಸ್ ಹಾಕುವಾಗ ಗಾಳಿ ಗನ್ನಿನಲ್ಲಿ ಬಿಗಿದ, ಎರಡು ಬೋಲ್ಟು ಓರೆಯಾಗಿ ಹತ್ತಿ ಚಾಸಿಯೊಳಗಿನ ನಟ್ಟಿನ ಥ್ರೆಡ್ಡೇ ಹೋಯಿತು. ನಮಗೆ ತಿಳಿದದ್ದು ತಿಂಗಳ ನಂತರ, ತಟ್ಟೆಯ ಮೂಲೆ ಜೋತುಬಿದ್ದಾಗ. ನಮ್ಮ ಪೇಟೆಯ ಮೆಕ್ಯಾನಿಕ್ ಮಲಗಿ ನೋಡಿದವನು ಕೆಳಗಿನಿಂದಲೇ ಕೂಗಿದ: "ಅಣ್ಣಾ, ಇದಕ್ಕೆ ಹೊಸದಾಗಿ ಟ್ಯಾಪ್ ಹೊಡೀಬೇಕು. ಇನ್ಮೇಲೆ ಯಾರ ಕೈಗೂ ಕೊಡ್ಬೇಡಿ, ಮೊದಲು ಬೆರಳಲ್ಲೇ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಪ್ಯಾನರ್." ಅವತ್ತಿನಿಂದ ನಾನೇ ಬಿಚ್ಚಿ ಹಾಕುವುದು.

ಸೆಟ್ಟಿನ ಜೊತೆ ಬಂದದ್ದು ಸ್ಟೇನ್‌ಲೆಸ್ ಬೋಲ್ಟು. ನೋಡಲು ಚಂದ. ಆದರೆ ಸ್ಟೇನ್‌ಲೆಸ್ಸೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಅಂಟಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಉಪ್ಪು ಸೇರಿದರೆ ಇನ್ನೂ ಬೇಗ. ಮಗಳ ಮನೆ ಮಂಗಳೂರಿನಲ್ಲಿ, ತಿಂಗಳಿಗೊಮ್ಮೆಯಾದರೂ ಶಿರಾಡಿ ಘಾಟಿ ಇಳಿದು ಕಡಲ ಕಡೆಗೆ ಹೋಗುವುದು ಇದ್ದೇ ಇದೆ. ಒಂದು ವರ್ಷಕ್ಕೆ ಬೋಲ್ಟಿನ ತೂತಿನ ಸುತ್ತ ಸುಣ್ಣದ ಹಾಗೆ ಬಿಳಿ ಪುಡಿ. ಸತು ಲೇಪದ ಬೋಲ್ಟಿಗೆ ಬದಲಿಸಿ, ನಡುವೆ ನೈಲಾನ್ ವಾಷರ್ ಕೊಟ್ಟು, ಕಚ್ಚಿಕೊಳ್ಳದ ಹಾಗೆ ಥ್ರೆಡ್ಡಿಗೆ ಆಂಟಿ ಸೀಜ್ ಗ್ರೀಸು ಸವರಿದ ಮೇಲೆ ಹತೋಟಿಗೆ ಬಂದಿದೆ.

ಕಾಫಿಯವರು ಮಾತ್ರ ಓದಿಕೊಳ್ಳಬೇಕಾದ ಮಾತೊಂದಿದೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಮಳೆಗೆ ಮುಂಚೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಶಿಲೀಂಧ್ರನಾಶಕ) ಹೊಡೆಯುವಾಗ ಕೆರೆ ಬದಿಯಲ್ಲಿ ಡ್ರಮ್ಮು ಇಟ್ಟು ಕದಡುತ್ತೇವಲ್ಲ, ಸುಣ್ಣದ ತಿಳಿ ಸೇರಿಸುವ ಮುಂಚಿನ ನೀರು ಚೆಲ್ಲಿ ಅಲ್ಲಿನ ಗಾಲಿ ಜಾಡಿನ ಕೆಸರೆಲ್ಲ ನೀಲಿಯಾಗಿತ್ತು. ಒಂದು ವಾರ ದಿನವೂ ಅದರ ಮೇಲೇ ಗಾಡಿ ಓಡಿಸಿದೆ. ಹಿಂದಿನ ತಟ್ಟೆ ಬಿಚ್ಚಿದಾಗ ಮೇಲ್ಮೈಯಲ್ಲಿ ಅಲ್ಲಲ್ಲಿ ಕೆಂಪು ಕಲೆ, ಕೆರೆದರೆ ಅದರಡಿಯಲ್ಲಿ ಸಿಡುಬಿನ ಗುಳಿ. ದ್ರಾವಣ ಹದ ಬಂತೋ ಇಲ್ಲವೋ ಅಂತ ಕತ್ತಿ ಅದ್ದಿ ನೋಡುವಾಗ ಅಲಗಿಗೆ ತಾಮ್ರ ಹತ್ತುತ್ತದಲ್ಲ, ಅದೇ ಆಟ. ಕಬ್ಬಿಣದ ಹಾಗೆ ಅಲ್ಯೂಮಿನಿಯಮ್ಮೂ ಇದಕ್ಕೆ ಸೋಲುತ್ತದೆ. ಇಷ್ಟು ವರ್ಷ ಮೈಲುತುತ್ತವನ್ನು ಲೋಹದ ಪಾತ್ರೆಗೆ ಹಾಕಬೇಡಿ ಅಂತ ಆಳುಗಳಿಗೆ ಹೇಳಿದವನು ನಾನೇ! ಪೊಟ್ಯಾಷ್ ಗೊಬ್ಬರ ಚೆಲ್ಲಿದರೂ ಗುಳಿ ಬೀಳುತ್ತದೆ, ಅದು ಕಡಲ ಉಪ್ಪಿನ ಹಾಗೆ ಕ್ಲೋರೈಡ್ ಉಪ್ಪು.

ತಟ್ಟೆಯ ಮೇಲೆ ಕೂರುವುದು ಕೆಸರೊಂದೇ ಅಲ್ಲ. ಬೇಸಿಗೆಯಲ್ಲಿ ಸಿಲ್ವರ್ ಓಕ್ ಎಲೆ ಉದುರಿ ದಾರಿ ತುಂಬ ಹಾಸಿರುತ್ತದೆ, ಅದು ಗುಡಿಸಿಕೊಂಡು ಒಳಗೆ ಹೋಗಿ ಸೈಲೆನ್ಸರ್ ಪೈಪಿನ ಪಕ್ಕ ಗೂಡು ಕಟ್ಟುತ್ತದೆ. ಒಂದು ಸಲ ಸುಟ್ಟ ವಾಸನೆ ಬಂದು ನಿಲ್ಲಿಸಿ ಕೈ ಹಾಕಿದರೆ ಎಲೆ ಕಂದು ತಿರುಗಿ ಗರಿಗರಿಯಾಗಿತ್ತು. ತಂತಿ ಕೊಕ್ಕೆಯಲ್ಲಿ ಎಳೆದು ತೆಗೆಯುವುದು ಈಗ ವಾರದ ಕೆಲಸ. ನಿಮ್ಮ ಸೆಟ್ಟಿನಲ್ಲಿ ನೀರು ಹಾಯಿಸಿ ತೊಳೆಯುವಷ್ಟು ದೊಡ್ಡ ತೂತುಗಳಿವೆಯೇ ನೋಡಿಕೊಳ್ಳಿ. ನನ್ನದರಲ್ಲಿ ಮುಂದಿನ ತಟ್ಟೆಗೆ ಇವೆ, ಹಿಂದಿನದಕ್ಕೆ ನಾನೇ ಡ್ರಿಲ್ಲಿನಲ್ಲಿ ನಾಲ್ಕು ಕೊರೆದೆ. ಸದ್ದಿನ ವಿಷಯ ಹೇಳಲು ಹೆಚ್ಚಿಲ್ಲ. ಜಲ್ಲಿ ಸಿಕ್ಕಿಕೊಂಡರೆ ಡಬ್ಬಿಯಲ್ಲಿ ಗೋಲಿ ಆಡಿಸಿದ ಹಾಗೆ ಕೇಳುತ್ತದೆ, ಅಷ್ಟೆ. ಮೈಲೇಜಿನಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ.

ಹಗುರ ಅನ್ನುವುದಕ್ಕೆ ಇಷ್ಟು ದುಡ್ಡು ಕೊಡಬೇಕೇ ಅಂತ ಗೆಳೆಯ ಕೇಳುತ್ತಾನೆ. ಗಾಡಿಗೆ ಹತ್ತು ಹದಿನೈದು ಕೆ.ಜಿ. ಹೆಚ್ಚು ಕಡಿಮೆ ಏನೂ ಅಲ್ಲ, ಹಿಂದೆ ಒಂದು ಯೂರಿಯಾ ಚೀಲ ಹಾಕಿದರೆ 45 ಕೆ.ಜಿ. ಆಯಿತು. ವ್ಯತ್ಯಾಸ ತಿಳಿಯುವುದು ಅಡಿಯಲ್ಲಿ ಮಲಗಿದವನಿಗೆ. ಕೊನೆಯ ಬೋಲ್ಟು ಬಿಚ್ಚಿದಾಗ ನಡುವಿನ ತಟ್ಟೆ ಎದೆಯ ಮೇಲೆ ಇಳಿಯುತ್ತದೆ, ನಾಲ್ಕು ಕೆ.ಜಿ. ಚಿಲ್ಲರೆ. ಒಂದು ಕೈಯಲ್ಲಿ ಆನಿಸಿ, ಇನ್ನೊಂದು ಕೈಯಲ್ಲಿ ವಾಷರ್ ಆರಿಸಿಕೊಂಡು ಹೊರಗೆ ಬರುತ್ತೇನೆ, ಐವತ್ತೆಂಟನೇ ವಯಸ್ಸಿನಲ್ಲಿ. ಗೆಳೆಯನ ಕಬ್ಬಿಣದ ತಟ್ಟೆ ಇಳಿಸಲು ಇಬ್ಬರು ಬೇಕು. ಹಾಗಾಗಿ ಅವನು ಹಾಕಿಸಿದ ದಿನದಿಂದ ಬಿಚ್ಚಿಯೇ ಇಲ್ಲ, ಮೇಲೆ ಎಷ್ಟು ಮಣ್ಣು ಕೂತಿದೆಯೋ ದೇವರಿಗೇ ಗೊತ್ತು. ಬಂಡೆಯ ಮೇಲೆ ಎಳೆದಾಡುವುದೇ ಕೆಲಸವಾದರೆ ಅವನದ್ದೇ ಸರಿ. ಬಿಚ್ಚಿ ತೊಳೆದು ಹಾಕುವ ಅಭ್ಯಾಸ ಇಲ್ಲದವರಿಗೂ ಕಬ್ಬಿಣವೇ ಸರಿ, ಅಲ್ಯೂಮಿನಿಯಮ್ಮಿಗೆ ದುಡ್ಡು ಸುರಿಯಬೇಡಿ. ಊರೊಳಗಿನ ಹೊಂಡ, ರಸ್ತೆ ಉಬ್ಬಿಗೆ ಹೆದರಿ ಹಾಕಿಸುವವರಿಗೆ ಎರಡೂ ಬೇಡ.

ಎಂಜಿನ್ ಅಡಿಯ ಮುಂದಿನ ತಟ್ಟೆಗೆ ಈವರೆಗೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲ. ಇನ್ನೊಮ್ಮೆ ಕೊಳ್ಳುವುದಾದರೆ ನಡುವಿನದು, ಹಿಂದಿನದು ಎರಡನ್ನೇ ಕೇಳುತ್ತಿದ್ದೆ. ಹಿಂದಿನದರ ಗುಳಿಗಳನ್ನು ಉಜ್ಜಿ ಪ್ರೈಮರ್ ಬಳಿದಿದ್ದೇನೆ. ಬರುವ ಸಲ ಬೋರ್ಡೋ ಡ್ರಮ್ಮನ್ನು ಕೆರೆಯ ಆ ದಡಕ್ಕೆ ಸರಿಸಲು ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಹೇಳಿಯಾಗಿದೆ. ಅಲ್ಲಿಂದ ಪೈಪು ಸಾಲುವುದಿಲ್ಲ ಅಂತ ಅವನ ತಕರಾರು.